ಕೊಡಕ್ಕ ಐದು ರೂಪಾಯಿ, ಕಬ್ಬಿಗೆ ಪುಕ್ಕಟೆ

ಬಾಗಲಕೋಟೆ ಜಿಲ್ಲೆಯಲ್ಲಿ ನೀರಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನಮ್ಮವೇ. ಆಲಮಟ್ಟಿಯಲ್ಲಿ 519.60 ಮೀಟರ್ ತನಕ ತುಂಬಿದರೆ 123 ಟಿಎಂಸಿ. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಹೂಂ ಅಂದಿದೆ. ಅಣೆಕಟ್ಟಿನ ಎತ್ತರ ನಮಗೆ ಮೂರು ದಶಮಾಂಶದವರೆಗೆ ಬಾಯಿಪಾಠ. ಮನೆಯ ನಳಕ್ಕೆ ನೀರು ಯಾವಾಗ ಬರ್ತದ ಅನ್ನೋದು ಮಾತ್ರ ವಾಲ್ವ್‌ಮನ್‌ನ ಖಾಸಗಿ ವಿಷಯ.

ಹೀಗಾಗಿ ಊರ ಮುಂದಿನ ಶುದ್ಧ ನೀರಿನ ಘಟಕಕ್ಕೆ ಪಾಳಿ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಕಾಯಿನ್ ಸಿಕ್ಕಿಕೊಂಡರೆ ಡಬ್ಬಿಗೆ ಎರಡು ಗುದ್ದು, ಅದು ಪ್ರತ್ಯೇಕ. ಘಟಕದ ಬೆನ್ನಿಗೇ ಕಬ್ಬಿನ ಗದ್ದೆ. ರಾತ್ರಿ ಕರೆಂಟ್ ಬಂದ ಕೂಡಲೇ ಆಟೋ ಸ್ಟಾರ್ಟರ್ ತಾನೇ ಎದ್ದು, ಬದು ಒಡೆದು ರಸ್ತೆಗೆ ಹರಿಯುವ ತನಕ ನೀರು ಬಿಡುತ್ತದೆ. 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಬಿಲ್ಲಿಲ್ಲ, ಕಾಯಿನ್ ಡಬ್ಬಿಯಂತೂ ಇಲ್ಲವೇ ಇಲ್ಲ.

ಕಿಲೋ ಸಕ್ಕರೆಗೆ ಕಡಿಮೆ ಅಂದರೂ 1,500 ಲೀಟರ್ ನೀರು ಅಂತ ತಜ್ಞರ ಲೆಕ್ಕ. ನಮ್ಮ ಘಟಕದ ದರ ಹಚ್ಚಿದರೆ ನೀರಿಗೇ 375 ರೂಪಾಯಿ ಆಯಿತು. ಅದೇ ಸಕ್ಕರೆ ಅಂಗಡಿಯಲ್ಲಿ ಐವತ್ತರ ಆಸುಪಾಸು. ಕೃಷ್ಣೆಯನ್ನು ಚೀಲದಾಗ ತುಂಬಿ ಲಾರಿ ಹತ್ತಿಸೋ ಈ ವ್ಯಾಪಾರಕ್ಕೆ ಅಭಿವೃದ್ಧಿ ಅಂತ ಹೆಸರು.

ರೈತನನ್ನು ಬೈದು ಉಪಯೋಗವಿಲ್ಲ ಬಿಡಿ. ಜೋಳ ಬೆಳೆದವನನ್ನು ಕೇಳುವವರಾರು? ಕಬ್ಬಿಗಾದರೆ ಎಫ್‌ಆರ್‌ಪಿ ಅಂತ ಕೇಂದ್ರ ಸರಕಾರ ಗೊತ್ತುಮಾಡಿದ ಒಂದು ದರ ಇದೆ, ಬಿಲ್ಲು ತಡವಾದರೆ ಧರಣಿ ಕೂಡಲು ಕಾರ್ಖಾನೆಯ ಗೇಟ್ ಇದೆ.

ಪಾಳಿಯಲ್ಲಿ ನಿಂತ ಹಿರಿಯರಿಗೆ ಕೇಳಿದೆ: “ಕಾಕಾ, ಈ ಕಾಯಿನ್ ಮಷಿನ್ನು ಪಂಪಿಗೂ ಕೂಡಿಸಿದ್ರ ಹೆಂಗ?”

“ಕೂಡಸಪಾ. ಆದ್ರ ಮುಂದಿನ ಇಲೆಕ್ಷನ್‌ಗೆ ನೀನ ನಿಂದರು, ಡಿಪಾಜಿಟ್ಟೂ ನಿಂದ.”

ನೀರು ಹೆಚ್ಚಾಗಿಯೇ ಸತ್ತ ಹೊಲಗಳೂ ನಮ್ಮಲ್ಲಿವೆ. ಘಟಪ್ರಭಾ ಕಾಲುವೆಯ ಕೆಳಗೆ ನೀರುಂಡು ನೀರುಂಡು ಉಪ್ಪು ಮೇಲೆದ್ದು ಸವುಳು-ಜವುಳಾದ ಎರೆ ಭೂಮಿ; ಬಿತ್ತಿದರೆ ಮೊಳಕೆಯೂ ಇಲ್ಲ. ಅಲ್ಲಿ ನೀರು ಹೊರಹಾಕಲು ಬಸಿಗಾಲುವೆ ಬೇಕು, ಆಚೆ ಗುಡ್ಡದ ಊರಿಗೆ ನೀರು ತರಲು ಪೈಪ್‌ಲೈನ್ ಬೇಕು. ಎರಡಕ್ಕೂ ಭೂಮಿಪೂಜೆ ಬೇರೆ ಬೇರೆ. ಜೆಸಿಬಿ ಮಾತ್ರ ಒಂದೇ. ಇಲ್ಲಿ ಮುಗಿಸಿಕೊಂಡು ಅಲ್ಲಿಗೆ ಹೋಗಬೇಕು, ಸ್ವಲ್ಪ ತಡವಾದೀತು.