ಠಾಣೆ ದಾಟುವ ಮೊದಲೇ ಸಿಕ್ಕ ಪ್ರಮಾಣಪತ್ರ

ಪ್ರತಿ ವರ್ಷ ಸರದಾರ್ ಪಟೇಲರ ಜನ್ಮದಿನವಾದ ಅಕ್ಟೋಬರ್ 31 ಸಮೀಪಿಸುತ್ತಿದ್ದಂತೆ, ಕೇಂದ್ರ ಜಾಗೃತ ಆಯೋಗದ ಭ್ರಷ್ಟಾಚಾರ ವಿರೋಧಿ ಅರಿವಿನ ಸಪ್ತಾಹಕ್ಕೆಂದು ಮುಂಬಯಿಯ ನಮ್ಮ ಕಚೇರಿಯಲ್ಲಿಯೂ ಬ್ಯಾನರು ಏರುತ್ತದೆ, ನಾವೆಲ್ಲರೂ ಎದ್ದು ನಿಂತು ಪ್ರಾಮಾಣಿಕತೆಯ ಪ್ರತಿಜ್ಞೆಯನ್ನು ಓದುತ್ತೇವೆ. ಅದಕ್ಕೆ ನನ್ನ ತಕರಾರಿಲ್ಲ. ಅದರ ಬೆನ್ನಿಗೇ ಬರುವ ಆನ್‌ಲೈನ್ ನೀತಿ ತರಬೇತಿಯದೇ ನನ್ನ ಅಳಲು.

ಡೊಂಬಿವಲಿಯಲ್ಲಿ ಹತ್ತಿದ ಲೋಕಲ್ ರೈಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತುಕೊಂಡೇ ಈ ಸಲ ನಾನು ಅದನ್ನು ಮುಗಿಸಿದೆ. ಸ್ಲೈಡುಗಳನ್ನು ಸರಿಸುತ್ತ ಹೋದರಾಯಿತು, ಉತ್ತರ ತಪ್ಪಿದರೆ ಮತ್ತೊಮ್ಮೆ ಒತ್ತಬಹುದು. ರೈಲು ಠಾಣೆ ನಿಲ್ದಾಣ ದಾಟುವ ಮೊದಲೇ ಪ್ರಮಾಣಪತ್ರ ಮೊಬೈಲಿಗೆ ಬಂದಿತ್ತು. ಲಂಚ ಪಡೆಯುವುದು ಸರಿಯೇ ಎಂಬ ಪ್ರಶ್ನೆಗೆ ಹೌದೆಂದು ಒತ್ತುವ ದಡ್ಡರು ಯಾರಿದ್ದಾರೆ? (ತಿನ್ನುವವರಿಗಂತೂ ನಿಯಮಗಳು ನಮಗಿಂತ ಚೆನ್ನಾಗಿ ಬಾಯಿಪಾಠ.)

ಕಷ್ಟವಿರುವುದು ಬೇರೆ ಕಡೆ. ಗುತ್ತಿಗೆದಾರನು ದೀಪಾವಳಿಗೆಂದು ತಂದ ಡ್ರೈಫ್ರೂಟ್ಸ್ ಡಬ್ಬಿಯನ್ನು ಮೇಲಧಿಕಾರಿಗಳೇ ನಗುತ್ತ ತೆಗೆದುಕೊಂಡಾಗ ಕೆಳಗಿನವನು ಏನು ಮಾಡಬೇಕು? ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ ಉಡುಗೊರೆಯ ಬಗ್ಗೆ ಸ್ಪಷ್ಟವಾಗಿಯೇ ಬರೆದಿದೆ. ಆದರೆ ಸಾಹೇಬರ ಎದುರಿನಲ್ಲಿ ಬೇಡವೆನ್ನುವುದು ಹೇಗೆಂದು ಯಾವ ಸ್ಲೈಡೂ ಕಲಿಸುವುದಿಲ್ಲ. ಪಕ್ಕದ ಮೇಜಿನ, ಕುಂದಾಪುರದ ಕಡೆಯ ಹಿರಿಯರೊಬ್ಬರಲ್ಲಿ ಇದನ್ನು ತೋಡಿಕೊಂಡಾಗ, "ಸರ್ಟಿಫಿಕೇಟಿನ ಪ್ರಿಂಟ್ ತೆಗೆದು ಫೈಲಿಗೆ ಹಾಕಿ ಮಾರಾಯ್ರೆ, ತಪಾಸಣೆಗೆ ಬೇಕಾಗ್ತದೆ" ಎಂದರು.

ತರಬೇತಿಯನ್ನು ಶೇಕಡಾ ಎಷ್ಟು ಮಂದಿ ಮುಗಿಸಿದರೆಂಬ ಪಟ್ಟಿ ವಿಭಾಗವಾರು ಸಿದ್ಧವಾಗುತ್ತದೆ. ದೂರುಗಳೆಷ್ಟು ಇಳಿದವು, ದೂರು ಕೊಟ್ಟವರು ಎಲ್ಲಿಗೆ ವರ್ಗವಾದರು ಎಂಬುದಕ್ಕೆ ಅದರಲ್ಲಿ ಒಂದು ಕಾಲಮ್ಮೂ ಇಲ್ಲ.