ನೆಲ ಡೊಂಕು

ಹೆಲಿಕಾಪ್ಟರ್ ಪೈಲಟ್ ಆಗಿದ್ದೆ ಎಂದು ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಮೇಲೆ ಇಂಜಿನ್ ನಿಂತುಹೋದ್ರೆ ಏನ್ ಮಾಡ್ತೀರಿ?" ಇನ್ನೊಂದು, "ಗಾಳಿಯಲ್ಲಿ ಸುಮ್ನೆ ಒಂದೇ ಕಡೆ ನಿಲ್ಲೋದು ಸುಲಭ ಅಲ್ವಾ?"

ಮೊದಲನೆಯದಕ್ಕೆ ಉತ್ತರ ಕೊಡಬಹುದು. ಇಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ. ಕೆಳಗಿನಿಂದ ನುಗ್ಗುವ ಗಾಳಿಗೆ ರೆಕ್ಕೆಗಳು ಮಕ್ಕಳ ಗಿರಗಿಟ್ಲೆಯಂತೆ ತಿರುಗುತ್ತಲೇ ಇರುತ್ತವೆ. ಇದಕ್ಕೆ ಆಟೋರೊಟೇಶನ್ ಅನ್ನುತ್ತೇವೆ. ನೆಲ ಹತ್ತಿರ ಬಂದಾಗ ಆ ತಿರುಗುವ ಶಕ್ತಿಯನ್ನೆಲ್ಲ ಒಂದೇ ಸಲ ಖರ್ಚು ಮಾಡಿ ಮೆತ್ತಗೆ ಇಳಿಯಬೇಕು. ಎರಡನೇ ಅವಕಾಶ ಇಲ್ಲ ಅನ್ನುವುದೊಂದೇ ತಕರಾರು. 1972ರ ಜೂನ್ 21ರಂದು ಫ್ರಾನ್ಸಿನ ಟೆಸ್ಟ್ ಪೈಲಟ್ ಜಾನ್ ಬೂಲೆ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ದಾಖಲೆ ಮಾಡಿದರು. ಅಲ್ಲಿ ಇಂಜಿನ್ ನಿಂತುಹೋಯಿತು. ಅಷ್ಟು ಎತ್ತರದಿಂದ ನೆಲದವರೆಗೆ ಇಂಜಿನ್ ಇಲ್ಲದೆಯೇ ಇಳಿದು ಬಂದರು. ಹೋಗಿದ್ದು ಒಂದು ದಾಖಲೆಗೆ, ಬಂದಿದ್ದು ಎರಡರ ಜೊತೆ.

ಎರಡನೇ ಪ್ರಶ್ನೆ ಕೇಳಿದರೆ ಮಾತ್ರ ನನ್ನ ಎಡಗಾಲು ಇವತ್ತಿಗೂ ನಡುಗುತ್ತದೆ.

ಹೆಲಿಕಾಪ್ಟರಿನಲ್ಲಿ ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಕೆಲಸ. ಬಲಗೈಯಲ್ಲಿ ಸೈಕ್ಲಿಕ್, ಯಾವ ಕಡೆ ಹೋಗಬೇಕು ಎಂದು ಹೇಳುವ ಕೋಲು. ಎಡಗೈಯಲ್ಲಿ ಕಲೆಕ್ಟಿವ್, ಏರುವುದಕ್ಕೆ, ಇಳಿಯುವುದಕ್ಕೆ. ಕಾಲ ಕೆಳಗೆ ಎರಡು ಪೆಡಲ್, ಮೂತಿ ತಿರುಗಿಸುವುದಕ್ಕೆ. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಹಾರಿಸಬಹುದಿತ್ತು. ಆದರೆ ಒಂದನ್ನು ಮುಟ್ಟಿದರೆ ಉಳಿದೆರಡಕ್ಕೂ ಸಿಟ್ಟು ಬರುತ್ತದೆ. ಕಲೆಕ್ಟಿವ್ ಎತ್ತಿದೆ, ಮೂತಿ ಆ ಕಡೆ ತಿರುಗಿತು. ಪೆಡಲ್ ಒತ್ತಿದೆ, ಇಡೀ ಮೆಷಿನ್ ಪಕ್ಕಕ್ಕೆ ಜಾರಿತು. ಸೈಕ್ಲಿಕ್ ಎಳೆದು ಸರಿಮಾಡಲು ಹೋದೆ, ನೆಲ ಹತ್ತಿರ ಬಂತು. ಗಾಬರಿಯಲ್ಲಿ ಮತ್ತೆ ಕಲೆಕ್ಟಿವ್ ಎತ್ತಿದೆ. ಅಲ್ಲಿಂದ ಕಥೆ ಮತ್ತೆ ಮೊದಲಿನಿಂದ.

"ಒಂದೇ ಕಡೆ ನಿಲ್ಲೋದು ಬೇಡ, ಈ ಮೈದಾನದ ಒಳಗೆ ಇದ್ದರೆ ಸಾಕು" ಎಂದರು ಕಲಿಸುವ ಮೇಷ್ಟ್ರು. ಮೈದಾನ ಸಾಲಲಿಲ್ಲ. 1939ರಲ್ಲಿ ಹೆಲಿಕಾಪ್ಟರ್ ತಯಾರಿಕೆಯ ಹಿರಿಯ ಇಗೊರ್ ಸಿಕೋರ್ಸ್ಕಿ ತಮ್ಮ ವಿಎಸ್-300 ಹೆಲಿಕಾಪ್ಟರನ್ನು ಮೊದಲ ಸಲ ನೆಲದಿಂದ ಎತ್ತಿದಾಗ ಅದನ್ನು ನೆಲಕ್ಕೆ ಕಟ್ಟಿಹಾಕಿದ್ದರಂತೆ. ಆ ಪದ್ಧತಿಯನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ.

"ಸರ್, ಈ ಹೆಲಿಕಾಪ್ಟರ್ ಸರಿಯಿಲ್ಲ. ಎಡಕ್ಕೆ ಎಳೀತಾ ಇದೆ" ಎಂದೆ.

ಮೇಷ್ಟ್ರು ಎರಡೇ ಬೆರಳಲ್ಲಿ ಕೋಲು ಹಿಡಿದರು. ಹೆಲಿಕಾಪ್ಟರ್ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪಟದ ಹಾಗೆ ನಿಂತಿತು. "ರಿಪೇರಿ ಆಯ್ತು, ತಗೋ" ಎಂದು ವಾಪಸ್ ಕೊಟ್ಟರು. ನನ್ನ ಕೈಗೆ ಬಂದ ಮರುಕ್ಷಣ ಮತ್ತೆ ಕೆಟ್ಟಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳ ಕಷ್ಟ ನನಗೆ ಅವತ್ತು ಅರ್ಥವಾಯಿತು.

ಸೇನೆಯ ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಮಾತು: ಐದು ಟನ್ ತೂಕವನ್ನು ಗಾಳಿಯಲ್ಲಿ ನಿಲ್ಲಿಸಬೇಕಾದರೆ ಅಷ್ಟೇ ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಆದರೂ ಹಿರಿಯ ಅಧಿಕಾರಿಗಳ ಸಭೆಯ ಪಕ್ಕದಲ್ಲೇ, ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು, ಠೀವಿಯಿಂದ ಇಳಿಸಿದೆ. ಡೇರೆ ಒಂದು ಕಡೆ ಹೋಯಿತು, ಭಾಷಣದ ಹಾಳೆಗಳು ಇನ್ನೊಂದು ಕಡೆ. ಅತಿ ಹಿರಿಯರ ಟೋಪಿ ಎತ್ತ ಹೋಯಿತೆಂದು ಕೊನೆಗೂ ತಿಳಿಯಲಿಲ್ಲ.

ನೀರಿನ ತರಬೇತಿಯನ್ನಂತೂ ಮರೆಯುವಂತಿಲ್ಲ. ಹೆಲಿಕಾಪ್ಟರಿನಂಥ ಒಂದು ಡಬ್ಬದಲ್ಲಿ ನಮ್ಮನ್ನು ಕಟ್ಟಿ, ಈಜುಕೊಳಕ್ಕೆ ಇಳಿಸಿ, ತಲೆಕೆಳಗೆ ಮಾಡುತ್ತಾರೆ. ಕೆಲವು ಸಲ ಕತ್ತಲೆಯಲ್ಲಿ. ಇಂಜಿನ್ನಿನ ಭಾರವೆಲ್ಲ ಮೇಲಿರುವುದರಿಂದ ನೀರಿಗೆ ಬಿದ್ದ ಹೆಲಿಕಾಪ್ಟರ್ ಮಗುಚಿಕೊಳ್ಳುವುದೇ ಹೆಚ್ಚು, ಅದಕ್ಕೇ ಈ ಅಭ್ಯಾಸ. ನಿಯಮ ಸರಳ: ಮೊದಲೇ ಒಂದು ಗಟ್ಟಿಯಾದ ವಸ್ತುವನ್ನು ಹಿಡಿದುಕೊಂಡಿರಿ, ಎಲ್ಲ ನಿಂತ ಮೇಲೆ ಬೆಲ್ಟ್ ಬಿಚ್ಚಿ, ಅದರ ಗುರುತಿನ ಮೇಲೆ ಹೊರಗೆ ಹೋಗಿ. ನಾನು ಗಟ್ಟಿಯಾಗಿಯೇ ಹಿಡಿದಿದ್ದೆ. ಅದು ಪಕ್ಕದವನ ಮೊಣಕಾಲು. ಅವನು ತನ್ನ ಕಿಟಕಿಯಿಂದ ಹೊರಟ, ನನ್ನ ಗುರುತೂ ಅವನ ಜೊತೆ ಹೊರಟಿತು.

ಆಮೇಲೆ ಟೆಸ್ಟ್ ಪೈಲಟ್ ಶಾಲೆ ಸೇರಿದೆ. ಹೆಲಿಕಾಪ್ಟರನ್ನು ಹಾರಿಸಿ ನೋಡಿ ಅದರ ಓರೆಕೋರೆ ಹೇಳುವ ಕೆಲಸ. ಹೊರಗಿನವರಿಗೆ ಇದು ದೊಡ್ಡ ಸಾಹಸ. ಒಳಗೆ ಬಂದರೆ ಬರೀ ಬರವಣಿಗೆ. ಒಂದು ಗಂಟೆ ಹಾರಿದರೆ ಮೂರು ದಿನ ವರದಿ. ಆದರೆ ನನಗೆ ಆ ಕೆಲಸ ಯಾಕೆ ಇಷ್ಟವಾಯಿತು ಅಂದರೆ, ಅಲ್ಲಿ ನೆಲ ಡೊಂಕು ಎಂದು ಹೇಳುವುದಕ್ಕೇ ಸಂಬಳ! ಸುಮ್ನೆ ಡೊಂಕು ಎಂದರೆ ಆಗದು, ಎಷ್ಟು ಡೊಂಕು ಎಂದು ಅಂಕ ಕೊಡಬೇಕು. ಅದಕ್ಕೆ ಕೂಪರ್ ಮತ್ತು ಹಾರ್ಪರ್ ಎಂಬಿಬ್ಬರು 1969ರಲ್ಲಿ ಪ್ರಕಟಿಸಿದ ಒಂದು ಅಳತೆ ಇದೆ. 1ರಿಂದ 10ರವರೆಗೆ. ಶಾಲೆಯ ಮಾರ್ಕ್ಸಿಗೆ ಪೂರ್ತಿ ಉಲ್ಟಾ: 1 ಅಂದರೆ ಬಹಳ ಚೆನ್ನ, 10 ಅಂದರೆ ಹತೋಟಿ ತಪ್ಪಿತು.

ಈ ಅಭ್ಯಾಸ ಮನೆಗೂ ಬಂತು. ಹೆಂಡತಿ ಇಕ್ಕಟ್ಟಾದ ಜಾಗದಲ್ಲಿ ಕಾರನ್ನು ಒಂದೇ ಸಲಕ್ಕೆ ನಿಲ್ಲಿಸಿದಳು. ಮನಸಾರೆ ಮೆಚ್ಚಿ "2" ಎಂದೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಅಳತೆಯ ಪಟ್ಟಿ ತೋರಿಸಿ ವಿವರಿಸಿದೆ. ಅವಳು ಗಮನವಿಟ್ಟು ಓದಿ, ನನ್ನನ್ನು ಒಮ್ಮೆ ನೋಡಿ, "ಹಾಗಾದ್ರೆ ನಿಮಗೆ 8" ಎಂದಳು. ಎಂಟಕ್ಕೆ ಅಲ್ಲಿ ಬರೆದಿರುವುದು: ದೊಡ್ಡ ದೋಷಗಳಿವೆ, ಹತೋಟಿಯಲ್ಲಿಡಲು ಪೈಲಟ್ ಬಹಳ ಹೆಣಗಬೇಕು.

ಇಷ್ಟು ಅನುಭವ ಇಟ್ಟುಕೊಂಡು ಒಂದು ದಿನ ಅದುರುವಿಕೆಯ ಪರೀಕ್ಷೆಗೆ ಹೊರಟೆ. 60 ನಾಟ್ ವೇಗ ದಾಟುತ್ತಿದ್ದಂತೆ ಬಲಗಡೆ ಹಿಂದಿನಿಂದ ಟಪಟಪ ಸದ್ದು. ವೇಗ ಏರಿಸಿದೆ, ಟಪಟಪ ಜೋರಾಯಿತು. ಇಳಿಸಿದೆ, ಕಡಿಮೆಯಾಯಿತು. ರೋಟರಿನ (ಮೇಲೆ ತಿರುಗುವ ರೆಕ್ಕೆಗಳ) ಸುತ್ತು ಬದಲಾಗಿಲ್ಲ, ಅಂದರೆ ಇದು ರೋಟರ್ ಅಲ್ಲ, ಬಾಲದ ಕಡೆ ಏನೋ ಸಡಿಲವಾಗಿದೆ! ಎಲ್ಲವನ್ನೂ ರೇಡಿಯೋದಲ್ಲಿ ತಣ್ಣಗೆ, ಕ್ರಮವಾಗಿ ಹೇಳಿದೆ. ಅಂಥ ಅಚ್ಚುಕಟ್ಟಾದ ವರದಿಯನ್ನು ಅದಕ್ಕೆ ಮೊದಲೂ ಕೊಟ್ಟಿರಲಿಲ್ಲ, ಆಮೇಲೂ ಕೊಟ್ಟಿಲ್ಲ. ಮೆಲ್ಲಗೆ ವಾಪಸ್ ಬಂದೆ. ಕೆಳಗೆ ಬೆಂಕಿ ಆರಿಸುವ ಗಾಡಿ, ಆರು ಜನ ಇಂಜಿನಿಯರುಗಳು ಸಾಲಾಗಿ ನಿಂತಿದ್ದರು.

ಮೆಕ್ಯಾನಿಕ್ ಒಂದು ಸುತ್ತು ಬಂದ. ಬಲಗಡೆಯ ಹಿಂದಿನ ಬಾಗಿಲ ಹತ್ತಿರ ನಿಂತ. ಹೊರಡುವ ಮೊದಲು ನನ್ನ ಚೀಲ ಇಟ್ಟು ನಾನೇ ಮುಚ್ಚಿದ್ದ ಬಾಗಿಲು ಅದು. ಒಳಗಿನ ಖಾಲಿ ಸೀಟಿನ ಬೆಲ್ಟಿನ ತುದಿ ಬಾಗಿಲ ಸಂದಿಯಿಂದ ಹೊರಗೆ ನೇತಾಡುತ್ತಿತ್ತು. ಬಕಲ್ ಹೊಡೆದ ಜಾಗದಲ್ಲಿ ಒಂದು ಅಂಗೈಯಷ್ಟು ಬಣ್ಣ ಕಿತ್ತುಹೋಗಿತ್ತು. ಅವನು ಬೆಲ್ಟನ್ನು ಒಳಗೆ ಹಾಕಿ, ಬಾಗಿಲು ಸರಿಯಾಗಿ ಮುಚ್ಚಿ, ಜೇಬಿನಿಂದ ಪೆನ್ನು ತೆಗೆದ.

"ಅಂಕ ಎಷ್ಟು ಬರೀಲಿ ಸರ್? ಹೆಲಿಕಾಪ್ಟರಿಗಾ, ನಿಮಗಾ?"