ಕೊಂಬಿನ ಬೇಟೆಯಿಂದ ಕಾಡು ಉಳಿಯುವುದಿಲ್ಲ

ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಸ್ಥಳೀಯ ಆಡಳಿತಗಳೇ ಅನುಮತಿ ಕೊಟ್ಟು ಜಿಂಕೆಗಳನ್ನು ಕೊಲ್ಲಿಸುತ್ತವೆ ಎಂದು ಕೇಳಿದಾಗ ಇಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಅನೇಕರಿಗೆ ಸಂಕಟವಾಗುತ್ತದೆ. ಮರಿಯೊಡನೆ ಹಿತ್ತಲಿಗೆ ಬಂದು ನಿಲ್ಲುವ ಪ್ರಾಣಿಯ ಮೇಲೆ ಗುಂಡು ಹಾರಿಸುವುದು ಯಾರಿಗೆ ತಾನೇ ಹಿತವೆನಿಸೀತು? ನಾನು ಮಾಂಸಾಹಾರಿಯಲ್ಲ, ಬಂದೂಕು ಮುಟ್ಟಿದವನೂ ಅಲ್ಲ. ಆದರೂ ನಿಯಂತ್ರಿತ ಬೇಟೆ ಅಗತ್ಯವೆಂದೇ ನನ್ನ ಅಭಿಪ್ರಾಯ. ಅದು ನಿಜವಾಗಿಯೂ ಸಂಖ್ಯೆಯನ್ನು ಇಳಿಸುವಂತಿರಬೇಕು ಎಂಬುದಷ್ಟೇ ನನ್ನ ಷರತ್ತು.

1900ರ ಸುಮಾರಿಗೆ ಮಾರುಕಟ್ಟೆಗಾಗಿ ನಡೆದ ಮಿತಿಯಿಲ್ಲದ ಬೇಟೆಯಿಂದ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಐದು ಲಕ್ಷದಷ್ಟೂ ಉಳಿದಿರಲಿಲ್ಲವೆಂಬ ಅಂದಾಜಿದೆ. ಕಾನೂನು ರಕ್ಷಣೆ ಕೊಟ್ಟಿತು, ಪಾಳುಬಿದ್ದ ಹೊಲಗಳಲ್ಲಿ ಮತ್ತೆ ಕಾಡು ಬೆಳೆಯಿತು. ತೋಳ ಮತ್ತು ಪ್ಯೂಮಾಗಳನ್ನಂತೂ ಪೂರ್ವದ ಬಹುಭಾಗದಿಂದ ಮನುಷ್ಯರೇ ಅಳಿಸಿಹಾಕಿದ್ದರು. ಇಂದು ಸಂಖ್ಯೆ ಮೂರು ಕೋಟಿಯ ಆಸುಪಾಸಿನಲ್ಲಿದೆ.

ಇದರ ಪೆಟ್ಟು ಮೊದಲು ಬೀಳುವುದು ಕಾಡಿನ ನೆಲದ ಮೇಲೆ. ದೊಡ್ಡ ಓಕ್ ಮರಗಳು ನಿಂತೇ ಇರುವುದರಿಂದ ದೂರದಿಂದ ನೋಡಿದವರಿಗೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಆದರೆ ಅವುಗಳ ಕೆಳಗೆ ಮುಂದಿನ ತಲೆಮಾರಿನ ಸಸಿಗಳಿರುವುದಿಲ್ಲ, ಟ್ರಿಲಿಯಮ್‌ನಂಥ ವಸಂತದ ಹೂಗಿಡಗಳಿರುವುದಿಲ್ಲ. ಜಿಂಕೆಗೆ ರುಚಿಸದ ಜರೀಗಿಡಗಳೂ ಹೊರಗಿನಿಂದ ಬಂದ ಕಳೆಗಳೂ ಮಾತ್ರ ಹಬ್ಬಿರುತ್ತವೆ. ಪೊದೆಗಳು ಇಲ್ಲವಾದಲ್ಲಿ ಅವುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳೂ ಕಡಿಮೆಯಾಗುತ್ತವೆ. ಜಿಂಕೆಯ ಮೇಲಿನ ಕರುಣೆಯನ್ನು ಲೆಕ್ಕಹಾಕುವಾಗ ಇವನ್ನೆಲ್ಲ ಬಿಟ್ಟುಬಿಡುವುದು ನ್ಯಾಯವಲ್ಲ.

ಬೇಟೆಯ ಪರವಾಗಿ ಹೇಳುವ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಜಿಂಕೆ ಕಡಿಮೆಯಾದರೆ ಉಣ್ಣಿಗಳ ಕಡಿತದಿಂದ ಹರಡುವ ಲೈಮ್ ಕಾಯಿಲೆ ತಾನಾಗಿ ತೊಲಗುತ್ತದೆ ಎಂಬುದು ಅತಿಯಾದ ಭರವಸೆ. ಬೆಳೆದ ಉಣ್ಣಿಗಳು ಜಿಂಕೆಯ ರಕ್ತ ಹೀರಿ ಸಂತಾನ ಬೆಳೆಸುವುದು ನಿಜ, ಆದರೆ ಮರಿ ಉಣ್ಣಿಗಳಿಗೆ ರೋಗಾಣು ಅಂಟುವುದು ಮುಖ್ಯವಾಗಿ ಇಲಿಗಳಂಥ ಸಣ್ಣ ಪ್ರಾಣಿಗಳಿಂದ.

ಇನ್ನು ಬೇಟೆಯ ರೀತಿಗೆ ಬರೋಣ. ಒಂದು ಗಂಡು ಜಿಂಕೆ ಹಲವು ಹೆಣ್ಣುಗಳೊಡನೆ ಕೂಡುತ್ತದೆ, ಮೇವು ಚೆನ್ನಾಗಿದ್ದರೆ ಹೆಣ್ಣು ಅವಳಿ ಮರಿ ಹಾಕುವುದು ಸಾಮಾನ್ಯ. ಆದ್ದರಿಂದ ಗೋಡೆಗೆ ತೂಗುಹಾಕಲು ಕೊಂಬು ಬೇಕೆಂದು ಗಂಡುಗಳನ್ನಷ್ಟೇ ಹೊಡೆಯುತ್ತ ಹೋದರೆ ಮುಂದಿನ ವರ್ಷದ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಇದು ಹೊಸ ಅರಿವಲ್ಲ. ವಿಸ್ಕಾನ್ಸಿನ್‌ನಲ್ಲಿ ವನ್ಯಜೀವಿ ತಜ್ಞ ಆಲ್ಡೋ ಲಿಯೊಪೋಲ್ಡ್ 1940ರ ದಶಕದಲ್ಲಿಯೇ ಕೊಂಬಿಲ್ಲದ ಜಿಂಕೆಗಳ, ಅಂದರೆ ಹೆಣ್ಣು ಮತ್ತು ಮರಿಗಳ, ಬೇಟೆಯ ಪರವಾಗಿ ವಾದಿಸಿದರು; 1943ರಲ್ಲಿ ಅದಕ್ಕೆ ಅವಕಾಶ ಕೊಟ್ಟಾಗ ಬೇಟೆಗಾರರೇ ಕೆರಳಿದರು. ಅದೇ ರಾಜ್ಯ 1996ರಲ್ಲಿ ಕೆಲವು ಪ್ರದೇಶಗಳಿಗೆ, ಮೊದಲು ಕೊಂಬಿಲ್ಲದ ಜಿಂಕೆಯೊಂದನ್ನು ಹೊಡೆದವರಿಗಷ್ಟೇ ಗಂಡನ್ನು ಹೊಡೆಯುವ ಹಕ್ಕು ಎಂಬ ನಿಯಮ ತಂದಿತು. ಬೇಟೆಗಾರರ ಅಸಮಾಧಾನ ಬೆಳೆದು 2011ರಲ್ಲಿ ಅದೂ ರದ್ದಾಯಿತು. ನಿಯಂತ್ರಣದ ಹೆಸರಿನಲ್ಲಿ ಪರವಾನಗಿ ಪಡೆದು, ನಿಯಂತ್ರಣಕ್ಕೆ ಬೇಕಾದ ನಿಯಮವನ್ನೇ ವಿರೋಧಿಸುವವರ ಬಗ್ಗೆ ನನಗೆ ಗೌರವ ಹುಟ್ಟುವುದಿಲ್ಲ.

ಕೊಲ್ಲದೆಯೇ ಸಾಧಿಸಬಾರದೇ ಎಂದು ಕೇಳುವವರಿಗೆ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಉದಾಹರಣೆಯಿದೆ. ಅಲ್ಲಿ 2016ರಲ್ಲಿ ಗಂಡು ಜಿಂಕೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದು ಆರಂಭವಾಯಿತು. ಪ್ರತಿಯೊಂದಕ್ಕೂ ಅರಿವಳಿಕೆ ಕೊಟ್ಟು ಹಿಡಿಯಬೇಕಾದ ಈ ದುಬಾರಿ ಕೆಲಸವನ್ನು ಒಂದು ನಗರ ಮಾಡಬಹುದು. ಬೇಲಿಯಿಲ್ಲದ ವಿಶಾಲ ಕಾಡಿನಲ್ಲಿ ಸಾಧ್ಯವಿಲ್ಲ.

ನನ್ನ ವಾದವನ್ನು ನಾಗರಹೊಳೆಗೋ ಬಂಡೀಪುರಕ್ಕೋ ಯಾರೂ ಕೊಂಡೊಯ್ಯಬಾರದು. ಅಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಇನ್ನೂ ತಮ್ಮ ಕೆಲಸ ಮಾಡುತ್ತಿವೆ. ಭಾರತದಲ್ಲಿ ಇದಕ್ಕೆ ಹತ್ತಿರವಾದ ಸ್ಥಿತಿಯಿರುವುದು ಅಂಡಮಾನಿನಲ್ಲಿ: ಬ್ರಿಟಿಷರು ತಂದುಬಿಟ್ಟ ಚುಕ್ಕೆ ಜಿಂಕೆಗಳು, ಬೇಟೆಯಾಡುವ ದೊಡ್ಡ ಮೃಗವೊಂದೂ ಇಲ್ಲದ ಆ ದ್ವೀಪಗಳಲ್ಲಿ ಹರಡಿಕೊಂಡು ಎಳೆಯ ಸಸಿಗಳನ್ನು ಮೇಯುತ್ತಿವೆ.

ಎಷ್ಟು ಜಿಂಕೆ ಸತ್ತವು ಎಂಬ ಅಂಕಿಯನ್ನು ವರ್ಷದ ಕೊನೆಗೆ ಪ್ರಕಟಿಸಿದರೆ ಆಡಳಿತದ ಹೊಣೆ ಮುಗಿಯದು. ಕಾಡಿನ ಒಂದು ತುಂಡಿಗೆ ಜಿಂಕೆ ನುಗ್ಗದಂತೆ ಬೇಲಿ ಹಾಕಿ, ಒಳಗಿನ ಮತ್ತು ಹೊರಗಿನ ಸಸಿಗಳನ್ನು ವರ್ಷವರ್ಷವೂ ಎಣಿಸಬೇಕು. ಹೊರಗಿನ ಓಕ್ ಸಸಿಗಳು ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ಬೆಳೆಯತೊಡಗಿದ ಮೇಲೆ ಪರವಾನಗಿಗಳನ್ನು ಕಡಿಮೆ ಮಾಡಬಹುದು.